ಅಕೌಂಟ್ಸ್ ಕಲಿಯಲು ತಂದ ವಿಮಾನ

ಮಾತು ಕಡಿಮೆ ಇರುವವರ ಬದುಕಿನಲ್ಲಿ ಏನೂ ನಡೆಯುವುದಿಲ್ಲ ಅಂತ ಜನ ಅಂದುಕೊಂಡಿದ್ದಾರೆ. ತಪ್ಪು. ಬೇರೆಯವರು ಒಂದು ಮಾತಿನಲ್ಲಿ ಮುಗಿಸುವ ಕೆಲಸವನ್ನು ನಾವು ಬಾಯಿ ಮುಚ್ಚಿಕೊಂಡು ವರ್ಷಗಟ್ಟಲೆ ಎಳೆಯುತ್ತೇವೆ. ನಾನು ಕಂಪ್ಯೂಟರ್ ಕೊಂಡ ವರ್ಷದ ತುಂಬ ಇಂಥವೇ ಪ್ರಸಂಗಗಳು.

ನಾನು ಓದಿದ್ದು ಜಯನಗರದ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಕನ್ನಡ ಮಾತಾಡಿದರೆ ಫೈನು. ಮನೆಯಲ್ಲಿ ಇಂಗ್ಲಿಷ್ ಮಾತಾಡೋಣವೆಂದರೆ ಜನವಿಲ್ಲ. ಹೀಗಾಗಿ ಎರಡೂ ಕಡೆ ಸುಮ್ಮನಿರುವುದನ್ನು ಚೆನ್ನಾಗಿ ಕಲಿತೆ. ಸೆಕೆಂಡ್ ಪಿಯುಸಿಯಲ್ಲಿದ್ದಾಗ ಅಮ್ಮ ತೀರಿಹೋದರು. ಆಮೇಲೆ ಯಡಿಯೂರು ಕೆರೆ ಹತ್ತಿರದ ಬಾಡಿಗೆ ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಸಿಟಿ ಬಸ್ ಡ್ರೈವರ್. ಫಸ್ಟ್ ಶಿಫ್ಟ್ ಇದ್ದರೆ ನಾನು ಏಳುವ ಮೊದಲೇ ಹೊರಟಿರುತ್ತಿದ್ದರು, ಸೆಕೆಂಡ್ ಶಿಫ್ಟ್ ಇದ್ದರೆ ನಾನು ಮಲಗಿದ ಮೇಲೆ ಬರುತ್ತಿದ್ದರು. ನಮ್ಮ ಮಾತುಕತೆಯೆಲ್ಲ ಹಳೇ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ. ‘ಸಾರು ಬಿಸಿ ಮಾಡ್ಕೊಳ್ಳಿ.’ ‘ಮಾಡ್ಕೊಂಡೆ.’ ಕೆಲವು ವಾರ ಬರೆಯಲು ಅಷ್ಟೂ ಇರುತ್ತಿರಲಿಲ್ಲ. ತೊಳೆದು ಬೋರಲು ಹಾಕಿದ ತಟ್ಟೆ ನೋಡಿ, ಊಟ ಮಾಡಿದ್ದಾರೆ ಅಂತ ತಿಳಿದುಕೊಳ್ಳುತ್ತಿದ್ದೆ.

ಆಗ ತ್ಯಾಗರಾಜನಗರದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಮೂಲೆಯ ಮೆಷಿನ್ನಿನಲ್ಲಿ ಒಂದು ಫ್ಲೈಟ್ ಸಿಮ್ಯುಲೇಟರ್ ಇತ್ತು. ವಿಮಾನ ಓಡಿಸುವ ಆಟ. ಅದರಲ್ಲಿ ಯಾರಿಗೂ ಗುಂಡು ಹೊಡೆಯುವಂತಿಲ್ಲ, ಯಾರನ್ನೂ ಸೋಲಿಸುವಂತಿಲ್ಲ. ರನ್‌ವೇಯಿಂದ ಎದ್ದು, ಮೋಡ ದಾಟಿ, ಇನ್ನೊಂದು ಊರಿನಲ್ಲಿ ಇಳಿಸಬೇಕು, ಅಷ್ಟೇ. ಒಂದು ಮಧ್ಯಾಹ್ನ ಸರ್ ಬರುವುದು ತಡವಾದಾಗ ಅರ್ಧ ಗಂಟೆ ಆಡಿದೆ. ಅಷ್ಟು ಎತ್ತರದಲ್ಲಿ ಯಾರೂ ನನ್ನನ್ನು "ಯಾಕಮ್ಮ, ಮಾತೇ ಆಡಲ್ಲ?" ಅಂತ ಕೇಳಲಿಲ್ಲ. ಇದು ನನಗೆ ಬೇಕು ಅನ್ನಿಸಿತು. ಬೇಕು ಅಂತ ಹೇಳುವುದು ಯಾರಿಗೆ?

೧. ಬೆಟ್ಟಗಿಟ್ಟ

ಬಿ.ಕಾಂ. ಮುಗಿಸಿ ಜಯನಗರದ ಒಬ್ಬ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಎರಡು ವರ್ಷ ಉಳಿಸಿದ್ದರಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಬರುತ್ತಿತ್ತು. ಕ್ಯಾಲೆಂಡರ್ ಹಾಳೆಯ ಮೇಲೆ ಬರೆದಿಟ್ಟೆ: ‘ಕಂಪ್ಯೂಟರ್ ತಗೋಬೇಕು ಅಂತಿದ್ದೀನಿ.’ ಮಾರನೇ ದಿನ ಅಪ್ಪನ ಅಕ್ಷರ: ‘ಯಾಕೆ?’ ವಿಮಾನ ಓಡಿಸಲು ಅಂತ ಹೇಗೆ ಬರೆಯುವುದು? ‘ಅಕೌಂಟ್ಸ್ ಕಲಿಯಲು’ ಅಂತ ಬರೆದೆ. ‘ಸರಿ’ ಅಂತ ಬಂತು. ನಮ್ಮ ಮನೆಯಲ್ಲಿ ಅಷ್ಟು ಉದ್ದದ ಚರ್ಚೆ ಅದಕ್ಕಿಂತ ಮೊದಲು ನಡೆದಿರಲಿಲ್ಲ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಾಗುತ್ತದೆ. ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ಬಗ್ಗೆ ತಿಳಿದವರು ಒಬ್ಬರೇ, ಹೆಡ್ ಕ್ಲಾರ್ಕ್. ಧೈರ್ಯ ಮಾಡಿ ಅವರ ಮೇಜಿನ ಹತ್ತಿರ ಹೋದೆ.

"ಸರ್, ಅಕೌಂಟ್ಸ್‌ಗೆ ಎಂಥ ಕಂಪ್ಯೂಟರ್ ಬೇಕು?"

"ಅಯ್ಯೋ, ಯಾವ ಡಬ್ಬ ಆದ್ರೂ ಸಾಕು ಕಣಮ್ಮ. ಸೆಕೆಂಡ್ ಹ್ಯಾಂಡೇ ತಗೊ."

"ಅಲ್ಲ ಸರ್, ಸ್ಕ್ರೀನಿನಲ್ಲಿ ಸ್ವಲ್ಪ ಮೋಡ... ಬೆಟ್ಟಗಿಟ್ಟ... ಅಂಥದ್ದು ಬಂದ್ರೆ ತಡಕೊಳ್ಳುತ್ತಾ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇಪ್ಪತ್ತೆರಡು ವರ್ಷದಿಂದ ಬ್ಯಾಲೆನ್ಸ್ ಶೀಟ್ ನೋಡ್ತಿದ್ದೀನಿ. ನಿನ್ನದು ಯಾವ ಕಂಪೆನಿನಮ್ಮ, ಬೆಟ್ಟ ಬರೋದು?"

೨. ಪಿಕಪ್

ಆಗೆಲ್ಲ ಬ್ರ್ಯಾಂಡಿನ ಕಂಪ್ಯೂಟರ್ ಕೊಳ್ಳುವುದು ದೊಡ್ಡವರ ಮಾತು. ನಮ್ಮಂಥವರು ಅಸೆಂಬ್ಲ್ ಮಾಡಿಸುತ್ತಿದ್ದೆವು. ಅಪ್ಪನ ಜೊತೆ ಕೆಲಸ ಮಾಡುವ ಕಂಡಕ್ಟರೊಬ್ಬರು ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದ ಧಾರವಾಡ ಕಡೆಯವರೊಬ್ಬರನ್ನು ತೋರಿಸಿದರು. ಅವರ ಮನೆಯಲ್ಲಿ ಮಂಚದ ಮೇಲೆಲ್ಲ ಬಿಚ್ಚಿದ ಕಂಪ್ಯೂಟರ್‌ಗಳು. ಮಲಗುವುದು ಎಲ್ಲಿ ಅಂತ ನನಗೆ ಗೊತ್ತಾಗಲಿಲ್ಲ.

ಅವತ್ತು ಅಪ್ಪನಿಗೆ ವಾರದ ರಜೆ. ಇಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ಮುಂದೆ ಲೇಡೀಸ್ ಸೀಟಿನಲ್ಲಿ, ಅವರು ಹಿಂದೆ.

ಏನೇನು ಬೇಕು ಅಂತ ನಾನು ಮ್ಯಾಗಜೀನ್ ಓದಿ ಚೀಟಿ ಬರೆದಿದ್ದೆ. ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಲಿ ಅಂತ. ಆ ಮನುಷ್ಯ ಅದನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. ಕೊನೆಯ ಸಾಲಿಗೆ ಬಂದು ನಿಂತರು.

"ಗ್ರಾಫಿಕ್ಸ್ ಕಾರ್ಡ್? ಇದ್ಯಾಕ್ ಬೇಕ್ರೀ ಅಕ್ಕಾರ? ಚಿತ್ರ ಜೋರ ಓಡಿಸಾಕ ಇರೋದಿದು. ಗೇಮ್ ಗೀಮ್ ಆಡ್ತೀರೇನು?"

ಅಪ್ಪ ನನ್ನ ಕಡೆ ತಿರುಗಿದರು.

"ಇಲ್ಲ," ಅಂದೆ.

"ಹಂಗಾದ್ರ ಸುಮ್ನ ರೊಕ್ಕ ದಂಡ," ಅಂತ ಆ ಸಾಲಿನ ಮೇಲೆ ಗೆರೆ ಎಳೆದುಬಿಟ್ಟರು. ಇಡೀ ಚೀಟಿಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಅಪ್ಪ ಎದ್ದು, ಟೈರ್ ನೋಡುವ ಹಾಗೆ ಅಲ್ಲಿದ್ದ ಕಂಪ್ಯೂಟರ್ ಡಬ್ಬವೊಂದರ ಪಕ್ಕಕ್ಕೆ ಬೆರಳಿನಲ್ಲಿ ಎರಡು ಸಲ ತಟ್ಟಿ ಕೇಳಿದರು:

"ಪಿಕಪ್ ಹೇಗಿದೆ?"

"ಪಿಕಪ್ ಭಾರೀ ಐತ್ರೀ ಸಾಹೇಬ್ರ."

"ಲೋಡ್ ಬಿದ್ರೆ ಹೀಟ್ ಆಗುತ್ತಾ?"

"ಸ್ವಲ್ಪ ಆಗ್ತದ್ರೀ."

"ಏರು ಹತ್ತುತ್ತಾ?"

ಆ ಮನುಷ್ಯ ನಕ್ಕರು. ನಾನು ನಗಲಿಲ್ಲ. ಆ ಕಂಪ್ಯೂಟರ್ ಬಗ್ಗೆ ನಾನು ಕೇಳಬೇಕಾಗಿದ್ದ ಮೂರು ಪ್ರಶ್ನೆಗಳನ್ನೂ ಏನೂ ಗೊತ್ತಿಲ್ಲದ ಅಪ್ಪ ಕೇಳಿ ಮುಗಿಸಿದ್ದರು.

೩. ಚಕ್ರ ಎಲ್ಲಿ?

ಕಂಪ್ಯೂಟರ್ ಮನೆಗೆ ಬಂದ ದಿನ ಮಹಡಿಯ ಮೇಲಿನ ಓನರ್ ಆಂಟಿ ಆರತಿ ತಟ್ಟೆ ಹಿಡಿದುಕೊಂಡೇ ಇಳಿದು ಬಂದರು. ಅರಿಶಿನ, ಕುಂಕುಮ, ಹೂವು ಎಲ್ಲ ಆಯಿತು. ತಟ್ಟೆಯಲ್ಲಿ ಒಂದು ನಿಂಬೆಹಣ್ಣು ಉಳಿಯಿತು.

"ಹೊಸ ಗಾಡಿಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ವೇನ್ರೀ?" ಅಂದರು.

ಅಪ್ಪನಿಗೂ ಇದು ನ್ಯಾಯ ಅನ್ನಿಸಿತು. ನಿಂಬೆಹಣ್ಣು ತುಳಿಯದೆ ಡಿಪೋದಿಂದ ಹೊರಟ ಹೊಸ ಬಸ್ಸನ್ನು ಅವರು ನೋಡಿರಲಿಲ್ಲ. ಸುತ್ತಲೂ ಬಗ್ಗಿ ನೋಡಿ, "ಇದಕ್ಕೆ ಚಕ್ರ ಎಲ್ಲಿ?" ಅಂತ, ಜೋಡಿಸಿಕೊಡಲು ಬಂದಿದ್ದ ಧಾರವಾಡದವರನ್ನು ಕೇಳಿದರು.

ಅವರು ಪಾಪ, ಮೌಸ್ ಮಗುಚಿ ತೋರಿಸಿದರು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು. "ಇದೊಂದ ನೋಡ್ರೀ ಉರುಳೋದು."

ಇಡೀ ನಿಂಬೆಹಣ್ಣಿನ ಮೇಲೆ ಮೌಸ್ ಹತ್ತಲಿಲ್ಲ. ಆಂಟಿ ಬಿಡುವವರಲ್ಲ. ಅಡುಗೆಮನೆಗೆ ಹೋಗಿ ಎರಡು ಹೋಳು ಮಾಡಿ ತಂದು, ಮೌಸನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿ ಹತ್ತಿಸಿದರು. ರಸ ಮೇಜಿನ ಅಂಚಿನವರೆಗೆ ಹರಿಯಿತು. ಬೇಡ ಅನ್ನಲು ನಾನು ಬಾಯಿ ತೆರೆದಿದ್ದೆ. ಮಾತು ಬರುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು.

ಅವತ್ತಿನಿಂದ ಮೌಸಿನ ಬಾಣ ಎಡಗಡೆಗೆ ಬಿಟ್ಟು ಬೇರೆ ಕಡೆ ಹೋಗಲು ಒಪ್ಪಲಿಲ್ಲ. ದೃಷ್ಟಿ ಮಾತ್ರ ತಾಗಲಿಲ್ಲ.

೪. ಭಾನುವಾರ

ಭಾನುವಾರ ಅಪ್ಪನಿಗೆ ಡ್ಯೂಟಿ. ತಲೆಗೆ ಸ್ನಾನ ಮಾಡಿ, ಬಾಗಿಲ ಚಿಲಕ ಹಾಕಿ, ವಿಮಾನ ಹೊರಡಿಸುತ್ತಿದ್ದೆ. ಕಾರ್ಡ್ ಇಲ್ಲದ ಆ ಕಂಪ್ಯೂಟರ್‌ಗೆ ಆಕಾಶ ತೋರಿಸುವುದು ಬಹಳ ಕಷ್ಟದ ಕೆಲಸ. ಒಂದು ಚಿತ್ರ ತೋರಿಸಿ ಸುಧಾರಿಸಿಕೊಂಡು, ಇನ್ನೊಂದು ತೋರಿಸುತ್ತಿತ್ತು. ರನ್‌ವೇಯಲ್ಲಿ ಬಿಟ್ಟು ಕಾಫಿ ಸೋಸಿಕೊಂಡು ಬಂದರೆ ಆಗ ತಾನೇ ಚಕ್ರ ನೆಲ ಬಿಟ್ಟಿರುತ್ತಿತ್ತು. ದೂರದಲ್ಲಿ ಬೆಟ್ಟವೊಂದು ಚಿಕ್ಕದಾಗಿ ಕಾಣುತ್ತಿತ್ತು. ಮುಂದಿನ ಚಿತ್ರ ಬರುವಷ್ಟರಲ್ಲಿ ನಾನು ಅದರೊಳಗೆ ಇರುತ್ತಿದ್ದೆ. ತಪ್ಪಿಸಿಕೊಳ್ಳೋಣ ಅಂದರೆ, ನಿಂಬೆಹಣ್ಣಿನ ದಯೆಯಿಂದ, ವಿಮಾನ ತಿರುಗುವುದು ಎಡಕ್ಕೆ ಮಾತ್ರ.

ಆ ಆಟದಲ್ಲಿ ಪೈಲಟ್ ಪಕ್ಕದಲ್ಲಿ ಇನ್ನೊಂದು ಸೀಟು ಕಾಣುತ್ತದೆ. ಬೆಲ್ಟ್ ಮಡಿಸಿಟ್ಟಿರುತ್ತದೆ. ಮೊದಮೊದಲು ಅದು ನನಗೆ ಸಮಾಧಾನ ಕೊಡುತ್ತಿತ್ತು, ಮಾತಾಡಿಸುವವರು ಯಾರೂ ಇಲ್ಲವಲ್ಲ ಅಂತ. ಆಮೇಲಾಮೇಲೆ ಬೆಟ್ಟ ಬಂದಾಗ "ಅಯ್ಯೋ" ಅನ್ನಲಾದರೂ ಒಬ್ಬರಿದ್ದರೆ ಅನ್ನಿಸತೊಡಗಿತು. ಒಂದು ಸಲ ನಾನೇ "ಅಯ್ಯೋ" ಅಂದು ನೋಡಿದೆ. ಖಾಲಿ ಮನೆಯಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ ನಾನೇ ಬೆಚ್ಚಿದೆ.

ಸೋಮವಾರ ಆಫೀಸಿನಲ್ಲಿ ಪಕ್ಕದ ಮೇಜಿನವಳು ಕೇಳಿದಳು, "ಏನೇ, ನಿನ್ನೆ ಎಲ್ಲಾದ್ರೂ ಹೋಗಿದ್ಯಾ?"

"ಎಲ್ಲೂ ಇಲ್ಲ," ಅಂದೆ. ಮೂರು ಸಲ ಹೊರಟು ಮೂರು ಸಲವೂ ಬೆಟ್ಟಕ್ಕೆ ಹೊಡೆದವಳು ಇನ್ನೇನು ಹೇಳಬೇಕು? ಎಲ್ಲೂ ಹೋಗಿರಲಿಲ್ಲ, ನಿಜವೇ.

೫. ಫೋನ್ ಬೂತು

ಕೊನೆಗೆ ಒಂದು ದಿನ ಆ ಕಾರ್ಡ್ ಹಾಕಿಸಲೇಬೇಕು ಅಂತ ತೀರ್ಮಾನಿಸಿದೆ. ಧಾರವಾಡದವರಿಗೆ ಫೋನ್ ಮಾಡಿ ಏನು ಹೇಳಬೇಕು ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು, ಕನ್ನಡದಲ್ಲಿ ಬಾಯಿಪಾಠ ಮಾಡಿ, ಬೀದಿ ಕೊನೆಯ ಬೂತಿಗೆ ಹೋದೆ. ಹಿಂದೆ ನಾಲ್ಕು ಜನ ಕ್ಯೂ. ಬೂತಿನ ಗಾಜಿನ ಬಾಗಿಲು ಯಾವತ್ತೋ ಒಡೆದುಹೋಗಿತ್ತು.

"ಅವತ್ತು ಬೇಡ ಅಂದಿದ್ದ ಕಾರ್ಡ್ ಬೇಕಿತ್ತು," ಅಂದೆ.

"ಯಾಕ್ರೀ ಅಕ್ಕಾರ? ಅಕೌಂಟ್ಸ್ ಓಡವಲ್ದೇನು?"

"ಅಕೌಂಟ್ಸ್ ಅಲ್ಲ." ಹಿಂದಿನ ನಾಲ್ಕು ಜನವೂ ಒಂದು ಹೆಜ್ಜೆ ಹತ್ತಿರ ಬಂದರು. "ವಿಮಾನ. ನಾನು ವಿಮಾನ ಓಡಿಸ್ತೀನಿ."

ಆ ಕಡೆ ಅವರು ಜೋರಾಗಿ ನಕ್ಕರು. ಆಮೇಲೆ, "ಇದನ್ನ ಮೊದ್ಲ ಹೇಳಬಾರದೇನ್ರೀ? ಭಾನುವಾರ ಬರ್ತೀನಿ."

ಹೊರಗೆ ಬಂದಾಗ ಕ್ಯೂನಲ್ಲಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದುಕೊಂಡರು. ಬೂತಿನಲ್ಲಿ ಫೋನ್ ಮಾಡುವ ಪೈಲಟ್ ಅವರಿಗೆ ಸಿಕ್ಕಿದ್ದು ಅದೇ ಮೊದಲು. "ಹುಷಾರಾಗಿ ಓಡ್ಸಮ್ಮ," ಅಂದರು. "ನಮ್ಮ ಬೀಗರು ಹೋದ ತಿಂಗಳು ತಾನೇ ಹತ್ತಿದ್ರು. ತುಂಬಾ ಕುಲುಕಿತಂತೆ."

೬. ರೈಟ್

ಭಾನುವಾರ ಅವರು ಬಂದರು. ದುರದೃಷ್ಟಕ್ಕೆ ಅಪ್ಪನೂ ಮನೆಯಲ್ಲಿದ್ದರು. ಯಾರ ಜೊತೆಗೋ ಶಿಫ್ಟ್ ಬದಲಾಯಿಸಿಕೊಂಡಿದ್ದರಂತೆ. ಬಾಗಿಲ ಹತ್ತಿರ ಪೇಪರ್ ಹಿಡಿದು ಕೂತಿದ್ದರು.

ಧಾರವಾಡದವರು ಕಾರ್ಡ್ ಕೂಡಿಸಿದರು. ಆಮೇಲೆ ಮೌಸ್ ಬಿಚ್ಚಿ, "ಇದೇನ್ರೀ, ಮೌಸ್‌ನ್ಯಾಗ ತ್ವಾಟ ಮಾಡೀರೇನು?" ಅಂತ ಒಳಗಿನಿಂದ ಒಂದು ನಿಂಬೆ ಬೀಜ, ಒಂದಷ್ಟು ಕುಂಕುಮ ತೆಗೆದು ನನ್ನ ಅಂಗೈಗೆ ಹಾಕಿದರು. ಹೋಗುವಾಗ ಅಪ್ಪನಿಗೆ, "ಸಾಹೇಬ್ರ, ಇನ್ನ ಮಗಳ ವಿಮಾನ ಏರು ಹತ್ತತೈತ್ರೀ," ಅಂದುಬಿಟ್ಟರು.

ಬಾಗಿಲು ಮುಚ್ಚಿತು. ಅಪ್ಪ ಪೇಪರ್ ಮಡಿಸಿದರು.

"ಅಕೌಂಟ್ಸ್?"

"ಇಲ್ಲ ಅಪ್ಪ."

"ಯಾವಾಗಿಂದ?"

"ಮೊದಲಿಂದ."

ಬೈಗುಳಕ್ಕೆ ಕಾದು ನಿಂತೆ. ಅವರು ಎದ್ದು ಬಂದು ಸ್ಕ್ರೀನ್ ನೋಡಿದರು. ವಿಮಾನ ರನ್‌ವೇ ಮೇಲೆ ನಿಂತಿತ್ತು. ಪಕ್ಕದ ಸೀಟು ಎಂದಿನಂತೆ ಖಾಲಿ.

"ಒಬ್ಬಳೇ ಓಡಿಸ್ತಿದ್ದೀಯಾ?"

"ಹೂಂ."

"ಕಂಡಕ್ಟರ್ ಇಲ್ದೇನೇ?"

ಅಪ್ಪ ಕುರ್ಚಿ ಎಳೆದು ಕೂತರು. ಕೂತ ತಕ್ಷಣ, ಇಲ್ಲದ ಕನ್ನಡಿಯನ್ನು ಸರಿಮಾಡಿಕೊಳ್ಳುವ ಹಾಗೆ ಕೈ ಮೇಲೆ ಹೋಗಿ ವಾಪಸು ಬಂತು. ಯಾವ ಕೀ ಒತ್ತಿದರೆ ಇಂಜಿನ್ನಿನ ವೇಗ ಹೆಚ್ಚುತ್ತದೆ, ಮೌಸ್ ಎಳೆದರೆ ಮೂಗು ಹೇಗೆ ಏಳುತ್ತದೆ, ಎಲ್ಲ ಹೇಳಿಕೊಟ್ಟೆ. ತಲೆಯಾಡಿಸಿದರು. ಆದರೆ ವಿಮಾನ ಅಲ್ಲಾಡಲಿಲ್ಲ.

"ಅಪ್ಪ, ಒತ್ತಿ."

"ಹೇಗೆ ಒತ್ತೋದು? ವಿಷಲ್ ಬಂದಿಲ್ಲ."

"ಇದಕ್ಕೆ ವಿಷಲ್ ಇಲ್ಲ ಅಪ್ಪ."

"ಇಪ್ಪತ್ತಾರು ವರ್ಷ ಆಯ್ತು ಕಣಮ್ಮ, ಕಂಡಕ್ಟರ್ ಹೇಳದೆ ಗಾಡಿ ಎತ್ತಿಲ್ಲ. ಹಿಂದಿನ ಬಾಗಿಲಲ್ಲಿ ಯಾರು ಹತ್ತುತ್ತಿರ್ತಾರೋ ನನಗೆ ಕಾಣುತ್ತಾ?"

ನಾನು ಮೆಲ್ಲಗೆ, "ರೈಟ್," ಅಂದೆ.

"ಇಂಜಿನ್ ಸದ್ದಿಗೆ ಕೇಳಲ್ಲ. ಹಿಂದೆ ಹೋಗಿ ನಿಂತ್ಕೊಂಡು ಹೇಳು."

ಬಾಗಿಲ ಹತ್ತಿರ ಹೋದೆ. ತೆರೆದು ಹೊರಗೆ ಒಮ್ಮೆ ನೋಡಿದೆ, ಯಾರೂ ಹತ್ತುತ್ತಿರಲಿಲ್ಲ. ಬಾಗಿಲಿಗೆ ಎರಡು ಸಲ ಬಡಿದು, ಹುಟ್ಟಿದಾಗ ಅತ್ತ ಮೇಲೆ ಅಷ್ಟು ಜೋರಾಗಿ ಮೊದಲ ಸಲ ಕೂಗಿದೆ:

"ರೈಟ್! ರೈಟ್!"

ವಿಮಾನ ಹೊರಟಿತು. ನೇರವಾಗಿ, ಎಡಕ್ಕೆ ಎಳೆಯದೆ, ಚಿತ್ರ ಎಲ್ಲೂ ನಿಲ್ಲದೆ. ರನ್‌ವೇ ಮುಗಿಯುವ ಮುಂಚೆ ಮೂಗು ಎದ್ದಿತು. ದೂರದ ಬೆಟ್ಟ ಹತ್ತಿರ ಬಂತು. "ಅಪ್ಪಾ, ರೈಟಿಗೆ, ರೈಟಿಗೆ, ಇನ್ನೂ ಬರಲಿ, ಬರಲಿ, ಬರಲಿ..." ಅಂತ ಕೂಗುತ್ತಲೇ ಇದ್ದೆ. ಅಪ್ಪ ಕೂತ ಕುರ್ಚಿಯೂ ಬಲಕ್ಕೆ ವಾಲಿತು. ಬೆಟ್ಟ ಪಕ್ಕದಲ್ಲಿ ಹಾದು ಹಿಂದೆ ಹೋಯಿತು.

ಅಷ್ಟರಲ್ಲಿ ಓನರ್ ಆಂಟಿ ಗಾಬರಿಯಿಂದ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. "ಏನ್ರೀ ಇದು? ಐದು ವರ್ಷದಿಂದ ಈ ಮನೇಲಿ ಒಂದು ಧ್ವನಿ ಕೇಳಿಲ್ಲ. ಜಗಳಾನಾ?"

ಆ ಆಂಟಿಗೆ ನಾನು ಅಲ್ಲಿಯವರೆಗೆ ತಲೆಯಾಡಿಸಿದ್ದೇ ಹೊರತು ಮಾತಾಡಿರಲಿಲ್ಲ. ಆದರೆ ಗಾಡಿ ಓಡುತ್ತಿತ್ತು, ನಾನು ಡ್ಯೂಟಿ ಮೇಲಿದ್ದೆ.

"ಬಾಗಿಲಲ್ಲಿ ನಿಲ್ಲಬೇಡಿ ಆಂಟಿ! ಒಳಗೆ ಬನ್ನಿ, ಒಳಗೆ ಖಾಲಿ ಇದೆ!"

ಆಂಟಿ ಒಳಗೆ ಬಂದರು. ಮೋಡ ನೋಡಿದರು, ಅಪ್ಪನ ಬೆನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದರು:

"ಬನಶಂಕರಿಗೆ ಹೋಗುತ್ತೇನಮ್ಮ?"

ಅಪ್ಪ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

"ಹತ್ತಿಸ್ಕೋ," ಅಂದರು. "ಆದ್ರೆ ಓಡೋ ಗಾಡಿಯಿಂದ ಇಳಿಯೋ ಹಾಗಿಲ್ಲ ಅಂತ ಮೊದಲೇ ಹೇಳ್ಬಿಡು."