ಕಿವಿ ಗುರುತು: ಹೌದು!

ಕಾಶಮ್ಮನ ಕುರಿಮರಿಗಳು ಒಂದು ಇಡೀ ಹಗಲು ಹಾಲಿಲ್ಲದೆ ಅರಚಿದವು. ಹಸಿದದ್ದು ಅವು, ತಪ್ಪು ಮಾಡಿದ್ದು ನಾನು.

ನಾನು ಬೀದರಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಬಿಡುವಿನಲ್ಲಿ ಪ್ರಾಣಿಹಿಂಸೆ ವಿರೋಧಿಸುವ ಸಮಿತಿಯೊಂದರ ಕಾರ್ಯದರ್ಶಿ. ಭಾಲ್ಕಿಯ ಹೊರಗೆ ಕುರಿಗಳಿಗೆ ಲಸಿಕೆ ಶಿಬಿರ ನಡೆಸಲು ಸಮಿತಿ ನಿರ್ಧರಿಸಿದಾಗ, ನೋಂದಣಿಗೆ ಜಾವಾ ಪ್ರೋಗ್ರಾಂ ಬರೆಯುವ ಹೊಣೆಯನ್ನು ಯಾರೂ ಕೇಳದೆಯೇ ಹೊತ್ತುಕೊಂಡೆ. ಪ್ರೋಗ್ರಾಮಿನ 'ಕುರಿ' ಡೇಟಾಬೇಸಿನಲ್ಲಿ ಉಳಿಯಬೇಕಾದರೆ, ಅದರ ಪ್ರತಿಯೊಂದು ಫೀಲ್ಡ್, ಅಂದರೆ ಮಾಹಿತಿ ತುಂಬುವ ಖಾನೆ, ಯಾವ ಬಗೆಯದು—ಅಂಕಿಯೇ, ಪಠ್ಯವೇ, ಬರೀ ಹೌದು-ಇಲ್ಲವೇ—ಎಂದು ಮೆಟಾಡೇಟಾ ಎಂಬ ಕಡತದಲ್ಲಿ ಮೊದಲೇ ಘೋಷಿಸಬೇಕು. ವಯಸ್ಸು: ಅಂಕಿ. ಮಾಲೀಕರ ಹೆಸರು: ಪಠ್ಯ. ಕಿವಿ ಗುರುತು?

ಕುರಿಯ ಕಿವಿ ಕತ್ತರಿಸುವುದು ಕ್ರೌರ್ಯ. ಕ್ರೌರ್ಯ ನಡೆದಿದೆಯೇ ಇಲ್ಲವೇ ಎಂಬುದಷ್ಟೇ ನಾಗರಿಕ ಸಮಾಜದ ಪ್ರಶ್ನೆ! ಹೌದು-ಇಲ್ಲ ಎಂದು ಘೋಷಿಸಿದೆ.

"ಕುರಿ ಕಿವಿ ಒಮ್ಮೆರೆ ಮುಟ್ಟಿ ನೋಡೀರೇನ್ರಿ?" ಎಂದಳು ಹೆಂಡತಿ ಶಕುಂತಲಾ.

"ಅನ್ಯಾಯವನ್ನು ಗುರುತಿಸಲು ಮುಟ್ಟಬೇಕಾಗಿಲ್ಲ" ಎಂದೆ. ಆ ವಾಕ್ಯ ಆಗ ನನಗೆ ಬಹಳ ಹಿಡಿಸಿತ್ತು.

ಔರಾದಿನಲ್ಲಿ ಶಿಬಿರಕ್ಕೆ ಕುರಿಗಾರರ ಹೆಸರು ಬರೆದುಕೊಳ್ಳುತ್ತಿದ್ದ ನಮ್ಮ ಸಮಿತಿಯ ನಯೀಮಾ ಫೋನ್ ಮಾಡಿದಳು. "ಸರ, ಇಲ್ಲಿ ಒಬ್ಬರು ಎಡಗಿವಿ ಸೀಳು ಅಂತಾರ, ಇನ್ನೊಬ್ಬರು ಬಲಗಿವಿ ತೂತು ಅಂತಾರ. ಮನಿಗೊಂದು ಗುರ್ತ ಅದರಿ. ಟಿಕ್ ಹಾಕೋ ಜಾಗ ಮಾತ್ರ ಒಂದೇ ಅದ. ಹ್ಯಾಂಗ ಮಾಡ್ಲಿ?"

"ಕತ್ತರಿಸಿದ್ದಾರೆ ತಾನೇ? ಟಿಕ್ ಹಾಕಮ್ಮ."

"ಎಲ್ಲಾರಿಗೂ?"

"ಎಲ್ಲರಿಗೂ!"

"ಮರ್ಜಿ ನಿಮ್ದು ಸರ" ಎಂದು ಫೋನ್ ಇಟ್ಟಳು. ಆ ದನಿಯಲ್ಲಿದ್ದುದನ್ನು ನಾನು ಗೌರವವೆಂದು ಭಾವಿಸಿದೆ.

ಶಿಬಿರದ ದಿನ ಇನ್ನೊಂದು ಘನಕಾರ್ಯ ಮಾಡಿದೆ. ನೋಂದಣಿಯ ಮುದ್ರಿತ ಚೀಟಿಗೆ ತಾಳೆಯಾಗದೆ ಒಂದು ಕುರಿಯನ್ನೂ ದೊಡ್ಡಿಯಿಂದ ಹೊರಗೆ ಬಿಡಕೂಡದೆಂದು ಕಾವಲುಗಾರನಿಗೆ ಆಜ್ಞಾಪಿಸಿದೆ. ಚಿಂತಾಕಿಯ ಕಾಶಮ್ಮ ಮರಿಗಳನ್ನು ಶಿಬಿರದ ಹತ್ತಿರದ ಹೊಲದಲ್ಲಿ ಹಾಕಿದ್ದ ಬಿಡಾರದಲ್ಲಿ ಬಿಟ್ಟು, ತಾಯಿಕುರಿಗಳನ್ನು ಬೆಳಿಗ್ಗೆಯೇ ಹೊಡೆದುಕೊಂಡು ಬಂದಿದ್ದಳು. ಬಗದಲ್‌ನ ನಾಗಪ್ಪನ ಹಿಂಡೂ ಬಂತು. ಸೂಜಿ ಚುಚ್ಚಿಸಿಕೊಂಡ ಎರಡೂ ಹಿಂಡುಗಳು ಒಂದೇ ದೊಡ್ಡಿಯಲ್ಲಿ ಬೆರೆತವು.

ಕಾಶಮ್ಮನ ಚೀಟಿ ನೋಡಿದೆ. ಕಿವಿ ಗುರುತು: ಹೌದು. ನಾಗಪ್ಪನ ಚೀಟಿ ನೋಡಿದೆ. ಕಿವಿ ಗುರುತು: ಹೌದು. ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಮೂರು ತಾಲೂಕಿನ ಸಮಸ್ತ ಕುರಿಗಳೂ ಒಕ್ಕೊರಲಿನಿಂದ ಹೌದೆಂದವು!

"ನಮ್ಮವು ಎಡಗಿವಿ ಸೀಳು, ಅವರವು ಬಲಗಿವಿ ತೂತು. ಕೂಸಿಗಿ ಕೇಳಿದ್ರೂ ಹೇಳ್ತದ" ಎಂದಳು ಕಾಶಮ್ಮ. "ಬಿಡ್ರಿ ಸಾಹೇಬ್ರ, ಮರಿ ಹಸದಾವ."

"ದಾಖಲೆಯಲ್ಲಿ ಹಾಗಿಲ್ಲವಲ್ಲ ತಾಯಿ."

"ದಾಖಲಿ ಹಾಲು ಕುಡಸ್ತದೇನ್ರಿ?"

ಮಧ್ಯಾಹ್ನವಿಡೀ ದತ್ತಾಂಶವನ್ನು ಮರುಪರಿಶೀಲಿಸಿದೆ. ದತ್ತಾಂಶವೇ ಇರಲಿಲ್ಲ, ನಾನು ಅದಕ್ಕೆ ಜಾಗ ಕೊಟ್ಟಿದ್ದರೆ ತಾನೇ! ಬಿಸಿಲು ಇಳಿಯುತ್ತಿದ್ದಂತೆ ಬಿಡಾರದಿಂದ ಮರಿಗಳ ಕೂಗು ದೊಡ್ಡಿಯವರೆಗೂ ಕೇಳತೊಡಗಿತು. ತಾಯಿಕುರಿಗಳು ಬೇಲಿಗೆ ಎದೆಯೊತ್ತಿ ನಿಂತವು. ಕೊನೆಗೆ ಸ್ಥಳ ತನಿಖೆಯೇ ಉಚಿತವೆಂದು ಒಳನುಗ್ಗಿ ಮೊದಲು ಸಿಕ್ಕ ಕಿವಿಯನ್ನು ಹಿಡಿದೆ. ಕತ್ತರಿಸಲಾಗಿತ್ತು. ಹೌದು! ಪ್ರೋಗ್ರಾಂ ಸರಿಯಾಗಿಯೇ ಇತ್ತು!

ಆ ಕಿವಿ ಒಂದು ಟಗರಿನದು.

ನಾನು ಹಿಕ್ಕೆಗಳ ನಡುವಿನಿಂದ ಎದ್ದು ಕನ್ನಡಕ ಹುಡುಕುವಷ್ಟರಲ್ಲಿ ಕಾವಲುಗಾರನೇ ಬಾಗಿಲು ತೆರೆದಿದ್ದ. ಕಾಶಮ್ಮ ಒಂದು ಪಕ್ಕ, ನಾಗಪ್ಪ ಇನ್ನೊಂದು ಪಕ್ಕ ನಿಂತು, ಹಾಯುವ ಪ್ರತಿಯೊಂದು ಕಿವಿಯನ್ನೂ ಬೆರಳಿನಿಂದ ಸವರಿ ಬೇರೆ ಮಾಡುತ್ತಿದ್ದರು. ಅರ್ಧ ಗಂಟೆ ಸಾಕಾಯಿತು. ಒಂದು ಕುರಿಯೂ ತಪ್ಪಲಿಲ್ಲ. ಕಾಶಮ್ಮ ನನ್ನತ್ತ ತಿರುಗಿಯೂ ನೋಡದೆ ಬಿಡಾರದತ್ತ ಓಡಿದಳು.

ಊರಿನ ಪ್ರತಿಯೊಂದು ತಪ್ಪಿಗೂ ಹೊಣೆಗಾರರನ್ನು ಹೆಸರಿಸಿ ಮನವಿ ಸಲ್ಲಿಸುವುದು ನನ್ನ ರೂಢಿ. ಈ ಬಾರಿಯೂ ಸಲ್ಲಿಸಿದ್ದೇನೆ; ಸ್ವೀಕರಿಸಿದ ಬಗ್ಗೆ ನಾನೇ ಸಹಿ ಹಾಕಿದ್ದೇನೆ. ಮನವಿ ಇಷ್ಟು: ಈ ಪ್ರೋಗ್ರಾಂ ಬರೆದ ಮಹಾಶಯರೇ, ಕಿವಿ ಗುರುತನ್ನು ಇಂದೇ ಪಠ್ಯವೆಂದು ಘೋಷಿಸಿ. ಅದಕ್ಕೂ ಮೊದಲು ಚಿಂತಾಕಿಗೆ ಹೋಗಿ, ಕಾಶಮ್ಮನವರ ಕ್ಷಮೆ ಕೇಳಿ, ಅವರು ಹೇಳಿದ ಒಂದೊಂದು ಗುರುತನ್ನೂ ಮುಟ್ಟಿ ನೋಡಿ ಬರೆದುಕೊಳ್ಳಿ. ಟಗರಿನದನ್ನು ದೂರದಿಂದಲೇ ಬರೆದುಕೊಳ್ಳಿ.