ಒಪ್ಪದವರ ಪಟ್ಟಿ

ಎಣಿಸುವುದು ನನ್ನ ಚಟ. ಸ್ನಾನಕ್ಕೆ ಎಷ್ಟು ಚೊಂಬು ನೀರು ಹೊಯ್ದುಕೊಂಡೆ, ಮನೆಗೆ ಬಂದ ಸೋದರತ್ತೆ ಎಷ್ಟು ಸಲ ಮದುವೆಯ ಮಾತೆತ್ತಿದರು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ದಿನಾಂಕ ಸಮೇತ ಲೆಕ್ಕವಿದೆ. ಇಂಥವಳಿಗೆ ಶಿರಸಿಯಲ್ಲಿ ಆರೋಗ್ಯ ಸಂಶೋಧನೆಯ ಕೆಲಸ ಸಿಕ್ಕಿತು. ಊರೂರಿಗೆ ಹೋಗಿ ಜನರ ಬಿಪಿ ಅಳೆದು ಬರೆದುಕೊಳ್ಳಬೇಕು. ಸಂಬಳ ಕೊಟ್ಟು ಎಣಿಸಲು ಹೇಳುವವರೂ ಲೋಕದಲ್ಲಿದ್ದಾರೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಒಂದು ಮಂಗಳವಾರ ನಮಗೆಲ್ಲ 'ವೈವಿಧ್ಯ ಮತ್ತು ಒಳಗೊಳ್ಳುವಿಕೆ' ಎಂಬ ತರಬೇತಿಯಿತ್ತು. ಕಾಲೇಜಿನಿಂದ ಬಂದ ಮೇಡಂ ಎರಡು ತಾಸಿನಲ್ಲಿ 'ಒಳಗೊಳ್ಳುವಿಕೆ' ಎಂದದ್ದು ಐವತ್ತಮೂರು ಸಲ, ಗೀಟು ಹಾಕಿಟ್ಟಿದ್ದೇನೆ. ಕೊನೆಗೆ ಅವರು, "ನಿಮ್ಮ ಅಧ್ಯಯನದಿಂದ ಯಾರಾದರೂ ಹೊರಗುಳಿದಿದ್ದಾರೆಯೆ?" ಎಂದು ಕೇಳಿದರು. ನಾನು ಎದ್ದು ನಿಂತು, ವಜ್ರಳ್ಳಿ ಊರಿನ ಪುಟ ತೆರೆದು, "ಯಾರೂ ಇಲ್ಲ ಮೇಡಂ. ಹನ್ನೊಂದು ಮನೆಯವರು ಮಾತ್ರ ತಾವಾಗಿಯೇ ಒಪ್ಪಲಿಲ್ಲ" ಎಂದು ಹೆಮ್ಮೆಯಿಂದ ಓದಿದೆ.

ನನ್ನ ಜತೆ ಊರು ತಿರುಗುವ ನಾಗವೇಣಿ ಅಕ್ಕ ಹಿಂದಿನ ಬೆಂಚಿನಿಂದ ನಕ್ಕರು. "ಒಪ್ಪಲಿಲ್ಲ ಅಂತ ಯಾರು ಹೇಳಿದ್ರು ಮಾರಾಯ್ತಿ? ನೀ ಅವ್ರನ್ನ ಕೇಳಿದ್ಯ?"

"ಅವರು ಬರಲೇ ಇಲ್ಲವಲ್ಲ ಅಕ್ಕ!"

"ನೀ ಕೂತಿದ್ದು ಹೆಗಡೇರ ಜಗಲಿ ಮೇಲೆ. ಅವ್ರು ಆ ಜಗಲಿ ಹತ್ತಿದ್ದು ಯಾವತ್ತಾದ್ರೂ ನೋಡಿದ್ಯ?"

ಸಭೆ ಗೊಳ್ಳೆಂದಿತು. ಯಾವ ಊರಿಗೆ ಹೋದರೂ ದೊಡ್ಡ ಮನೆಯ ಜಗಲಿಯಲ್ಲೇ ಮೇಜು ಹಾಕುವುದು ನಮ್ಮ ಪದ್ಧತಿ. ಅಲ್ಲಿ ಕುರ್ಚಿ ಇರುತ್ತದೆ, ಫ್ಯಾನು ಇರುತ್ತದೆ, "ಬಾ ತಂಗಿ, ಆಸ್ರಿಗೆ ಎಂತ ಬೇಕು?" ಎಂದು ಕುಡಿಯಲು ಕೊಡುವ ಹೆಗಡೆಯವರು ಇರುತ್ತಾರೆ. ಅಂದು ವಜ್ರಳ್ಳಿಯಲ್ಲಿ ಆ ಹನ್ನೊಂದು ಮನೆಗಳ ಕೇರಿಯಿಂದ ಕೆಲವರು ಬಂದು ಅಂಗಳದಾಚೆ ಸ್ವಲ್ಪ ಹೊತ್ತು ನಿಂತು ಹೋದದ್ದು ನನಗೆ ಕಂಡಿತ್ತು. ಎಷ್ಟು ಜನವೆಂದು ಎಣಿಸಿಯೂ ಇದ್ದೆ. ಕರೆದಿರಲಿಲ್ಲ, ಅಷ್ಟೆ.

"ಶುಕ್ರವಾರ ಅಧ್ಯಯನಕ್ಕೆ ಜನರ ಸೇರ್ಪಡೆ ಮುಗಿಯುತ್ತದೆ. ಆ ಮನೆಗಳನ್ನು ಬಿಟ್ಟರೆ ನಿಮ್ಮ ಲೆಕ್ಕವೇ ಸುಳ್ಳು" ಎಂದರು ಮೇಡಂ. ಸುಳ್ಳು ಲೆಕ್ಕ! ಹುಟ್ಟಿದಾಗಿನಿಂದ ಯಾರೂ ನನ್ನನ್ನು ಇಷ್ಟು ಕೆಟ್ಟದಾಗಿ ಬೈದಿಲ್ಲ.

ಗುರುವಾರ ಬೆಳಿಗ್ಗೆಯೇ ನಾಗವೇಣಿ ಅಕ್ಕನ ಜತೆ ಆ ಕೇರಿಯ ಮೊದಲ ಮನೆಗೆ ಹೋದೆ. ಮನೆಯೊಡತಿ ಮಾದೇವಿ ಅಕ್ಕಿ ಕೇರುತ್ತಿದ್ದರು. ತರಬೇತಿಯಲ್ಲಿ ಕಲಿತ ಮಾತನ್ನೆಲ್ಲ ಒಪ್ಪಿಸಿದೆ. ಅವರು ಮೊರ ನಿಲ್ಲಿಸದೆ, "ಅವತ್ತು ಕರೀದೆ ಇದ್ದೋರು ಇವತ್ತು ಹುಡ್ಕಂಡು ಬಂದ್ರಲ. ಎಂತ, ಹೊಸ ಕಾಯ್ಲೆ ಏನಾರು ಬಂತ?" ಎಂದರು.

"ತಪ್ಪು ನನ್ನದೇ. ಕರೆಯಬೇಕಿತ್ತು."

"ಹಂಗಾರೆ ಮೊದ್ಲು ನಿಮ್ ತೋಳಿಗೇ ಕಟ್ಕಳಿ. ನೋಡ್ವ."

ಅಷ್ಟರಲ್ಲಿ ಕೇರಿಯೆಲ್ಲ ಸುತ್ತ ನೆರೆದಿತ್ತು. ಬಿಪಿ ಯಂತ್ರದ ಪಟ್ಟಿ ಕಟ್ಟಿಕೊಂಡೆ. ನೂರ ಐವತ್ತೆರಡು! ಮೆಲ್ಲಗೆ ಯಂತ್ರ ಮುಚ್ಚಲು ನೋಡಿದರೆ, ನಾಗವೇಣಿ ಅಕ್ಕ ಗಟ್ಟಿಯಾಗಿ ಓದಿಯೇಬಿಟ್ಟರು. "ಉಪ್ಪು ಕಮ್ಮಿ ಮಾಡಿ ತಂಗಿ, ಮಂಡೆಬಿಸಿ ಮಾಡ್ಕಬೇಡಿ" ಎಂದರು ಮಾದೇವಿ, ತಿಂಗಳುಗಟ್ಟಲೆ ನಾನು ಊರಿಗೆಲ್ಲ ಹಂಚಿದ ಉಪದೇಶವನ್ನು ಒಂದಕ್ಷರ ಬಿಡದೆ. ಬಳಿಕ, ತಮ್ಮದು ನನಗಿಂತ ಕಡಿಮೆ ಬರುತ್ತದೆಯೋ ನೋಡೋಣವೆಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ತೋಳು ಚಾಚಿದರು. ಕಡಿಮೆಯೇ ಬಂತು. ಅಲ್ಲಿಂದ ಪೈಪೋಟಿ ಶುರುವಾಗಿ, ಹನ್ನೊಂದೂ ಮನೆಯವರು ಸಾಲಾಗಿ ಬಂದು ನನ್ನನ್ನು ಸೋಲಿಸಿ ಹೋದರು.

ಆ ದಿನದ ದಿನಚರಿಯಲ್ಲಿ ಬರೆದಿದ್ದೇನೆ: ಹೊಸದಾಗಿ ಸೇರಿದ ಮನೆಗಳು, ಹನ್ನೊಂದು. ಒಪ್ಪದವರು, ಒಬ್ಬರು. ಇನ್ನೊಮ್ಮೆ ಅಳೆಯುತ್ತೇನೆಂದು ನಾಗವೇಣಿ ಅಕ್ಕ ಬಸ್‌ಸ್ಟ್ಯಾಂಡಿನವರೆಗೂ ಬೆನ್ನುಹತ್ತಿದರೂ ತೋಳು ಕೊಡದ ನಾನು.