ಎಕ್‌ಬರ್ಟ್ ಎಳೆದ ಕೆಂಪು ಹಿಡಿ

ಆ ಭಾನುವಾರ ಎಕ್‌ಬರ್ಟ್ ಮರೆತದ್ದು ಬೆರಳುದ್ದದ ಒಂದು ಪಿನ್ನನ್ನು. ಬೇರೆ ಯಾರಾದರೂ ಮರೆತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಲ್ಯೂನೆಬುರ್ಗಿನ ಹೊರಗಿನ ಆ ಪುಟ್ಟ ಕ್ಲಬ್ಬಿನಲ್ಲಿದ್ದವೆಲ್ಲ ಇಬ್ಬರು ಕೂರುವ ಹಗುರ ವಿಮಾನಗಳು. ಜರ್ಮನಿಯಲ್ಲಿ ಇಂಥವು ಪ್ಯಾರಾಚೂಟ್ ಇಲ್ಲದೆ ಹಾರುವಂತಿಲ್ಲ. ಆಪತ್ತು ಬಂದಾಗ ಸೀಟಿನ ಪಕ್ಕದ ಕೆಂಪು ಹಿಡಿ ಎಳೆದರೆ ಸಾಕು, ರಾಕೆಟ್ಟು ಸಿಡಿದು, ಕೊಡೆ ಬಿಚ್ಚಿಕೊಂಡು, ಇಡೀ ವಿಮಾನವನ್ನೇ ತೂಗುತ್ತ ಕೆಳಗಿಳಿಸುತ್ತದೆ. ನೆಲದ ಮೇಲಿದ್ದಾಗ ಯಾರೂ ಅಪ್ಪಿತಪ್ಪಿ ಎಳೆಯದಿರಲೆಂದು ಹಿಡಿಗೊಂದು ಪಿನ್ನು. ಹಾರುವ ಮೊದಲು ಅದನ್ನು ತೆಗೆಯಬೇಕು. ಮರೆತವರು ಮುಂದಿನ ಭಾನುವಾರದ ಕಾಫಿಗೆ ಕ್ಲಬ್ಬಿಗೆಲ್ಲ ಕೇಕ್ ತರಬೇಕು. ಸ್ವಂತ ಕೈಯಿಂದ ಮಾಡಿದ್ದು, ಬೇಕರಿಯದಲ್ಲ.

ಈ ನಿಯಮ ತಂದವನೇ ಎಕ್‌ಬರ್ಟ್. ಕ್ಲಬ್ಬಿನ ಸುರಕ್ಷತೆಯ ಹೊಣೆ ಅವನದು. ಹೋದ ತಿಂಗಳು ದಂತವೈದ್ಯ ಟೋರ್‌ಬೆನ್ ಮರೆತಾಗ, ಅವನು ತಂದ ಚೆರ್ರಿ ಕೇಕನ್ನು ತಿನ್ನುತ್ತಲೇ ಎಕ್‌ಬರ್ಟ್ ಎಲ್ಲರೆದುರು ಉಪದೇಶ ಮಾಡಿದ್ದ. "ಜ್ಞಾಪಕಶಕ್ತಿ ಇಲ್ಲದವರು ಗಾಳಿಪಟ ಹಾರಿಸ್ಕೊಂಡಿರಬೇಕು ಕಣಯ್ಯ, ವಿಮಾನ ಅಲ್ಲ!"

ಇಂದು ಅವನೊಬ್ಬನೇ ಮೇಲೇರಿ, ಬಿಸಿಲಿಗೆ ಮುಖವೊಡ್ಡಿ ಸಿಳ್ಳೆ ಹಾಕುತ್ತ ಪಕ್ಕಕ್ಕೆ ನೋಡಿದರೆ, ಪಿನ್ನು ಹಿಡಿಯಲ್ಲೇ ಇತ್ತು, ಅದಕ್ಕೆ ಕಟ್ಟಿದ ಪಟ್ಟಿ ಜೋತಾಡುತ್ತಿತ್ತು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಇಳಿದ ಕೂಡಲೇ ಟೋರ್‌ಬೆನ್ ಬಂದು ಇಣುಕುವುದು ಗ್ಯಾರಂಟಿ. ಒಂದು ತಿಂಗಳಿಂದ ಅವನಿಗೆ ಅದೇ ಕೆಲಸ. ಈಗಲೇ ಕಿತ್ತು ಜೇಬಿಗೆ ಹಾಕಿಕೊಂಡರೆ ಯಾರಪ್ಪನಿಗೆ ಗೊತ್ತಾಗಬೇಕು? ಎಕ್‌ಬರ್ಟ್ ಎಳೆದ. ಪಿನ್ನು ಜಪ್ಪಯ್ಯ ಅನ್ನಲಿಲ್ಲ. ಹಿಡಿಯನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿದು, ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದ. ಪಿನ್ನು ಬಂತು. ಹಿಂದೆಯೇ ಹಿಡಿಯೂ ಬಂತು.

ಢಮಾರ್!

ಎಕ್‌ಬರ್ಟ್ ಗಾಬರಿಯಲ್ಲೇ ಪಿನ್ನನ್ನು ಜೇಬಿಗೆ ತುರುಕಿ ಎಂಜಿನ್ ಆರಿಸಿದ. ತಲೆಯ ಮೇಲೆ ಕೊಡೆ ಅರಳಿತು, ವಿಮಾನ ತೊಟ್ಟಿಲಿನಂತೆ ತೂಗತೊಡಗಿತು. ಜೀವ ಉಳಿಯಿತೆಂಬ ಖುಷಿಗಿಂತ ಹೆಂಡತಿ ಇಮ್ಕೆಯ ನೆನಪೇ ಅವನನ್ನು ಹೆಚ್ಚು ನಡುಗಿಸಿತು. "ಆ ಡಬ್ಬದಿಂದ ಒಂದೇ ಒಂದು ಎಡವಟ್ಟಾಗ್ಲಿ, ಮಾರನೇ ದಿನವೇ ಮಾರಾಟ" ಎಂದು ಅವಳು ಎಂದೋ ಹೇಳಿಟ್ಟಿದ್ದಳು. ಹಾರಾಟವೊಂದು ಹೋದರೆ ಎಕ್‌ಬರ್ಟನ ಬದುಕಿನಲ್ಲಿ ಉಳಿಯುವ ಸುಖವಾದರೂ ಏನು?

ವಿಮಾನ ಬಂದು ಕೂತದ್ದು ಊರಂಚಿನ ಬಾಡಿಗೆ ಕೈತೋಟದಲ್ಲಿ, ಮುದುಕ ಕ್ಲಾಪ್‌ರೋಟನ ಹುರುಳಿಕಾಯಿ ಪಾತಿಯ ಮೇಲೆ. ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಕ್ಲಾಪ್‌ರೋಟ್ ಎದ್ದು ಬಂದ.

"ರೀ ಸ್ವಾಮಿ! ಮಧ್ಯಾಹ್ನ ಮೂರರವರೆಗೆ ಇಲ್ಲಿ ಸದ್ದು ಮಾಡೋ ಹಾಗಿಲ್ಲ ಅಂತ ಗೊತ್ತಿಲ್ವ? ನಾವು ಹುಲ್ಲೇ ಕತ್ತರಿಸೋದಿಲ್ಲ, ನೀವು ಬಾಂಬ್ ಹಾಕ್ತೀರ?"

"ಆಕಾಶದಿಂದ ಬಿದ್ದಿದ್ದೀನಿ ಕಣ್ರೀ!"

"ಬೀಳೋದಕ್ಕೂ ಹೊತ್ತುಗೊತ್ತು ಬೇಡ್ವ? ಗೇಟಿನ ಹತ್ತಿರ ಬೋರ್ಡ್ ಹಾಕಿದ್ದೀವಿ, ಓದ್ಕೊಂಡು ಬರಬೇಕು."

"ನಾನು ಗೇಟಿಂದ ಬರ್ಲಿಲ್ವಲ್ರೀ!"

ಅಷ್ಟರಲ್ಲಿ ಟೋರ್‌ಬೆನ್‌ನ ಕಾರು ಬಂದು ನಿಂತಿತು. ಭಾನುವಾರದ ಕಾಫಿಗೆ ಕ್ಲಬ್ಬಿಗೆ ಬಂದಿದ್ದ ಇಮ್ಕೆಯೂ ಅದರಿಂದ ಇಳಿದು ಓಡಿಬಂದಳು; ಕೊಡೆ ಇಳಿಯುವುದನ್ನು ಇಬ್ಬರೂ ಅಲ್ಲಿಂದಲೇ ಕಂಡಿದ್ದರು. ಅಕ್ಕಪಕ್ಕದ ತೋಟದವರೆಲ್ಲ ಬೇಲಿಗೆ ಆತುಕೊಂಡರು.

"ಏನಾಯ್ತು?" ಎಂದ ಟೋರ್‌ಬೆನ್. ಕಣ್ಣು ಆಗಲೇ ವಿಮಾನದೊಳಗೆ ಇಣುಕುತ್ತಿತ್ತು.

"ಎಂಜಿನ್... ಎಂಜಿನ್ ನಿಂತೋಯ್ತು," ಎಂದುಬಿಟ್ಟ ಎಕ್‌ಬರ್ಟ್.

"ಭೇಷ್! ಅಂಥಾ ಹೊತ್ತಲ್ಲೂ ಸರಿಯಾಗಿ ಹಿಡಿ ಎಳೆದ್ರಲ್ಲ, ನೀವು ನೀವೇ ಬಿಡಿ!" ಟೋರ್‌ಬೆನ್ ಅವನನ್ನು ತಬ್ಬಿಕೊಂಡ. ಬೇಲಿಯಾಚೆ ಚಪ್ಪಾಳೆ ಬಿತ್ತು. ಕ್ಲಾಪ್‌ರೋಟ್ ಕೂಡ ಮೆತ್ತಗಾಗಿ ಗುಡಿಸಲಿನಿಂದ ಒಂದು ಗುಟುಕು ಹಣ್ಣಿನ ಮದ್ಯ ತಂದುಕೊಟ್ಟ. ಎಕ್‌ಬರ್ಟನ ಎದೆ ಉಬ್ಬಿತು.

ಇಮ್ಕೆ ಗಂಡನ ಕೆನ್ನೆ ಸವರಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಹೇಳಿದಳು: "ಟೋರ್‌ಬೆನ್, ಹಳೇ ವಿಮಾನ ಕೊಳ್ಳೋರು ಯಾರೋ ನಿಂಗೆ ಗೊತ್ತು ಅಂದಿದ್ಯಲ್ಲ, ಈಗ್ಲೇ ಫೋನ್ ಮಾಡು. ಗಾಳೀಲಿ ನಿಂತೋಗೋ ಎಂಜಿನ್ ನಮಗೆ ಬೇಡ."

ಟೋರ್‌ಬೆನ್ ಫೋನ್ ತೆಗೆದೇಬಿಟ್ಟ.

ಎಕ್‌ಬರ್ಟನಿಗೆ ಅತ್ತ ದರಿ, ಇತ್ತ ಪುಲಿ. ಮಾನ ಉಳಿದರೆ ವಿಮಾನ ಇಲ್ಲ, ವಿಮಾನ ಉಳಿದರೆ ಮಾನ ಇಲ್ಲ. "ತಡಿಯಯ್ಯಾ!" ಎಂದು ಕಿರುಚಿ, ಜೇಬಿನಿಂದ ಪಿನ್ನು ತೆಗೆದು ಎಲ್ಲರ ಮುಂದೆ ಹಿಡಿದ. ನಡೆದದ್ದನ್ನೆಲ್ಲ ಹೇಳಿದ. ಟೋರ್‌ಬೆನ್ ನಕ್ಕು ನಕ್ಕು ಉಳಿದಿದ್ದ ಹುರುಳಿಕಾಯಿ ಬಳ್ಳಿಯ ಮೇಲೇ ಕುಸಿದ. ಕ್ಲಾಪ್‌ರೋಟ್ ಅರ್ಧ ಕುಡಿದ ಲೋಟವನ್ನು ವಾಪಸ್ ಕಿತ್ತುಕೊಂಡ.

"ಎಂಜಿನ್ ಚಿನ್ನದಂಥಾದ್ದು ಇಮ್ಕೆ, ತಪ್ಪೆಲ್ಲ ನಂದೇ. ನಿನ್ನ ದಮ್ಮಯ್ಯ, ಮಾರಬೇಡ."

ಇಮ್ಕೆ ವಿಮಾನವನ್ನು ಒಂದು ಸುತ್ತು ಹಾಕಿದಳು. "ಹಾಗಾದ್ರೆ ಎಂಜಿನ್ ಸರಿಯಾಗಿತ್ತು?"

"ಸರಿಯಾಗಿತ್ತು."

"ಕೊಡೆನೂ ಸರಿಯಾಗಿ ಬಿಚ್ಕೊಳ್ತು?"

"ಹೂ ಬಿಚ್ಕೊಂಡ ಹಾಗೆ!"

"ಚಕ್ರ ಮುರಿದಿರೋದು ಬಿಟ್ರೆ?"

"ಬೇರೇನೂ ಆಗಿಲ್ಲ."

"ಸರಿ, ಹಾಗಾದ್ರೆ ಮಾರೋದು ಬೇಡ."

ಹೋದ ಜೀವ ಬಂದಂತಾಗಿ ಎಕ್‌ಬರ್ಟ್ ಅವಳ ಕೈಗೆ ಮುತ್ತಿಟ್ಟ.

"ಪಾಪ, ಇಷ್ಟು ವರ್ಷ ಸುಮ್ಸುಮ್ನೆ ಇದನ್ನ ಬೈದ್ನಲ್ಲ," ಎಂದು ಇಮ್ಕೆ ರೆಕ್ಕೆ ತಡವಿದಳು. "ಟೋರ್‌ಬೆನ್, ಹಾರೋದು ಕಲಿಸೋರು ಯಾರಪ್ಪ? ಮೂವತ್ತು ವರ್ಷ ಸಿಟಿ ಬಸ್ ಓಡಿಸಿದೋಳು ನಾನು, ಒಂದು ಸೈಕಲ್ಲಿಗೂ ತಾಗಿಸಿಲ್ಲ. ಇದ್ರಲ್ಲಿ ಬದಲಾಯಿಸಬೇಕಾಗಿರೋದು ಡ್ರೈವರ್‌ನ ಮಾತ್ರ."

"ಮತ್ತೆ... ನಾನು?" ಎಂದ ಎಕ್‌ಬರ್ಟ್.

"ನೀನು ಪಕ್ಕದಲ್ಲಿ ಕೂತ್ಕೋ. ಎರಡು ಕೈನೂ ತೊಡೆ ಮೇಲಿರ್ಲಿ."